ಕಂಡದ್ದು, ಕೇಳಿದ್ದು, ಓದಿದ್ದು: ಕಾರವಾರದ ಕಡಲಿನಲ್ಲಿ ಒಂದು ದಿನದ ತಿಮಿಂಗಿಲ ಪಾಠ

ಪೀಠಿಕೆ

ನನ್ನ ಬೋಧನಾಭ್ಯಾಸ ನಡೆದದ್ದು ಕಾರವಾರ ತಾಲ್ಲೂಕಿನ ಕನ್ನಡ ಮಾಧ್ಯಮದ ಒಂದು ಪ್ರೌಢಶಾಲೆಯಲ್ಲಿ. ಒಂಬತ್ತನೆಯ ತರಗತಿಯಲ್ಲಿ 42 ಮಕ್ಕಳಿದ್ದರು. ಸುಮಾರು ಮೂರನೆಯ ಒಂದು ಭಾಗ ಮೀನುಗಾರರ ಮನೆಯವರು, ಮನೆಮಾತು ಕೊಂಕಣಿ. ಉಳಿದವರು ಕೃಷಿಕರ, ಅಂಗಡಿಕಾರರ ಮತ್ತು ನೌಕರರ ಮಕ್ಕಳು. ವಿಜ್ಞಾನ ವಿಷಯದ ಕ್ಷೇತ್ರ ಭೇಟಿಗೆ ಎಲ್ಲಿಗೆ ಹೋಗೋಣವೆಂದು ಕೇಳಿದಾಗ ಹೆಚ್ಚು ಕೈಗಳು ಎದ್ದದ್ದು ‘ತಿಮಿಂಗಿಲ ನೋಡಲು’ ಎಂಬ ಸಲಹೆಗೆ.

ಈ ವಿಷಯದಲ್ಲಿ ಶಿಕ್ಷಕರಿಗೆ ಒಂದು ತೊಡಕಿದೆ. ಪ್ರಯೋಗಾಲಯದಲ್ಲಿ ಲಿಟ್ಮಸ್ ಕಾಗದ ಕೆಂಪಾಗುತ್ತದೆ ಎಂದು ನಮಗೆ ಮೊದಲೇ ತಿಳಿದಿರುತ್ತದೆ. ಕಡಲಿನಲ್ಲಿ ಪ್ರಾಣಿ ಕಾಣಿಸಿಕೊಳ್ಳುವ ಭರವಸೆ ಇಲ್ಲ. ಕಂಡರೆ ಪಾಠ ಯಶಸ್ವಿ, ಕಾಣದಿದ್ದರೆ ವಿಫಲ ಎಂದಿಟ್ಟುಕೊಂಡರೆ ಪಾಠವನ್ನು ಅದೃಷ್ಟಕ್ಕೆ ಒಪ್ಪಿಸಿದಂತಾಗುತ್ತದೆ. ಆದ್ದರಿಂದ ಏನೂ ಕಾಣದಿದ್ದರೂ ಪೂರ್ಣಗೊಳ್ಳುವಂತಹ ಪಾಠವನ್ನು ಯೋಜಿಸಿದೆ. ಅದರ ರೂಪ, ನಡೆದ ಬಗೆ ಮತ್ತು ಅದರಿಂದ ಹುಟ್ಟಿದ ಒಂದು ಕಠಿಣ ಪ್ರಶ್ನೆಯನ್ನು ಈ ಲೇಖನದಲ್ಲಿ ದಾಖಲಿಸಿದ್ದೇನೆ.

ಉದ್ದೇಶಗಳು

ಈ ಪಾಠದ ನಂತರ ವಿದ್ಯಾರ್ಥಿಗಳು:

1. ತಿಮಿಂಗಿಲ ಮತ್ತು ಡಾಲ್ಫಿನ್‌ಗಳು ಮೀನುಗಳಲ್ಲ, ಸಸ್ತನಿಗಳು ಎಂಬುದನ್ನು ಲಕ್ಷಣಗಳ ಆಧಾರದಿಂದ ವಿವರಿಸುವರು.
2. ನೀರಿನಲ್ಲಿ ಶಬ್ದದ ವೇಗ ಮತ್ತು ಪ್ರತಿಧ್ವನಿಯ ತತ್ತ್ವವನ್ನು ಡಾಲ್ಫಿನ್‌ನ ವರ್ತನೆಗೆ ಅನ್ವಯಿಸುವರು.
3. ನಿಗದಿತ ಅವಧಿಯಲ್ಲಿ ಕ್ರಮಬದ್ಧವಾಗಿ ವೀಕ್ಷಿಸಿ, ‘ಇಲ್ಲ’ ಎಂಬುದನ್ನೂ ದಾಖಲಿಸುವರು.
4. ತಾವು ಕಂಡದ್ದು, ಇತರರಿಂದ ಕೇಳಿದ್ದು ಮತ್ತು ಓದಿದ್ದು ಇವುಗಳನ್ನು ಬೇರ್ಪಡಿಸುವರು.
5. ಮೀನುಗಾರ ಸಮುದಾಯದ ಅನುಭವಜ್ಞಾನವನ್ನು ಗೌರವದಿಂದ ಸಂಗ್ರಹಿಸಿ ಪರಿಶೀಲಿಸುವರು.

ನಾಲ್ಕನೆಯ ಉದ್ದೇಶವೇ ಇಡೀ ದಿನದ ಬೆನ್ನೆಲುಬು.

ಪೂರ್ವಜ್ಞಾನದ ಪರಿಶೀಲನೆ

ಪ್ರವಾಸಕ್ಕೆ ಒಂದು ವಾರ ಮೊದಲು ‘ತಿಮಿಂಗಿಲದ ಬಗ್ಗೆ ನಿಮಗೆ ತಿಳಿದಿರುವ ಮೂರು ವಾಕ್ಯ ಬರೆಯಿರಿ’ ಎಂದು ಒಂದು ಹಾಳೆ ಕೊಟ್ಟೆ. ಬಹುತೇಕ ಹಾಳೆಗಳಲ್ಲಿ ‘ಅತ್ಯಂತ ದೊಡ್ಡ ಮೀನು’ ಎಂಬ ವಾಕ್ಯವಿತ್ತು. ಪತ್ರಿಕೆಗಳಲ್ಲಿ ಬರುವ ಸುದ್ದಿಯಿಂದ ‘ತಿಮಿಂಗಿಲದ ವಾಂತಿ ಕೋಟಿಗಟ್ಟಲೆ ಬೆಲೆಬಾಳುತ್ತದೆ’ ಎಂದು ಹಲವರು ಬರೆದಿದ್ದರು. ಮೀನುಗಾರರ ಮಕ್ಕಳ ಕೆಲವು ಹಾಳೆಗಳು ಮಾತ್ರ ಖಾಲಿ ಇದ್ದವು. ಕಾರಣ ಕೇಳಿದಾಗ ಒಬ್ಬ ಹುಡುಗ, “ಪುಸ್ತಕದಲ್ಲಿ ಇರುವುದು ನನಗೆ ಗೊತ್ತಿಲ್ಲ ಸರ್” ಎಂದ. ಅವನ ಅಪ್ಪ ದೋಣಿಯ ತಾಂಡೇಲ. ಶಾಲೆಯಲ್ಲಿ ಬರೆಯಬೇಕಾದದ್ದು ಪುಸ್ತಕದ್ದು ಮಾತ್ರ, ಮನೆಯದ್ದು ಲೆಕ್ಕಕ್ಕಿಲ್ಲ ಎಂದು ಅವನು ಎಂದೋ ತೀರ್ಮಾನಿಸಿದ್ದ. ಮೂರು ಅಂಕಣಗಳ ದಾಖಲೆ ಹಾಳೆಯ ಯೋಚನೆ ನನಗೆ ಬಂದದ್ದು ಈ ಉತ್ತರದಿಂದ.

ಪ್ರವಾಸಕ್ಕೆ ಮೊದಲಿನ ಎರಡು ಅವಧಿಗಳು

ಮೊದಲ ಅವಧಿ ‘ಮೀನೋ ಸಸ್ತನಿಯೋ’. ಪದದಿಂದಲೇ ಆರಂಭಿಸಿದೆ. ಸಂಸ್ಕೃತದಲ್ಲಿ ‘ತಿಮಿ’ ಎಂದರೆ ಒಂದು ಬೃಹತ್ ಮೀನು. ಆ ತಿಮಿಯನ್ನೇ ನುಂಗುವಂಥದ್ದು ತಿಮಿಂಗಿಲ. ಅದನ್ನೂ ನುಂಗುವ ‘ತಿಮಿಂಗಿಲಗಿಲ’ದ ಕಲ್ಪನೆಯೂ ಇದೆ ಎಂದಾಗ ತರಗತಿ ನಕ್ಕಿತು. ಹೆಸರಿನೊಳಗೆ ಮೀನು ಇದ್ದರೂ ದೇಹದಲ್ಲಿ ಮೀನಿನ ಲಕ್ಷಣ ಇದೆಯೇ ಎಂದು ಮುಂದೆ ಕೇಳಿದೆ.

ಮಾರುಕಟ್ಟೆಯಿಂದ ತಂದ ಒಂದು ಬಂಗುಡೆ ಮತ್ತು ಡಾಲ್ಫಿನ್‌ನ ಚಿತ್ರಪಟ ಇಟ್ಟು ಹೋಲಿಕೆ ಮಾಡಿಸಿದೆ. ಬಂಗುಡೆಯ ಬಾಲದ ರೆಕ್ಕೆ ಲಂಬವಾಗಿದೆ. ಅದು ಬಾಲವನ್ನು ಎಡಬಲಕ್ಕೆ ಬೀಸುತ್ತದೆ. ಡಾಲ್ಫಿನ್‌ನ ಬಾಲ ಅಡ್ಡವಾಗಿದೆ. ಅದು ಮೇಲೆ ಕೆಳಗೆ ಬೀಸುತ್ತದೆ. ಬಂಗುಡೆಗೆ ಕಿವಿರು, ಡಾಲ್ಫಿನ್‌ಗೆ ಶ್ವಾಸಕೋಶ ಮತ್ತು ನೆತ್ತಿಯ ಮೇಲೊಂದು ಉಸಿರುರಂಧ್ರ. ಡಾಲ್ಫಿನ್ ಮರಿ ಹಾಕಿ ಹಾಲೂಡಿಸುತ್ತದೆ. ಡಾಲ್ಫಿನ್‌ಗಳೂ ಹಲ್ಲುಳ್ಳ ತಿಮಿಂಗಿಲಗಳ ಬಳಗಕ್ಕೇ ಸೇರಿದವು ಎಂಬುದು ಇಲ್ಲಿ ಮುಖ್ಯವಾದ ಅಂಶ. ನೀಲಿ ತಿಮಿಂಗಿಲದಂತಹ ಇನ್ನೊಂದು ಬಳಗಕ್ಕೆ ಹಲ್ಲಿನ ಬದಲು, ನಮ್ಮ ಉಗುರಿನ ಪದಾರ್ಥವಾದ ಕೆರಟಿನ್‌ನಿಂದ ಆದ ಜರಡಿಯಂತಹ ಫಲಕಗಳಿವೆ. ಸುಮಾರು 30 ಮೀಟರ್ ಉದ್ದದವರೆಗೆ ಬೆಳೆಯುವ ಆ ಪ್ರಾಣಿ ತಿನ್ನುವುದು ಮುಖ್ಯವಾಗಿ ಸಿಗಡಿಯಂತಹ ಸಣ್ಣ ಜೀವಿಗಳನ್ನು. ಇದಕ್ಕೆ ವಿರುದ್ಧ ಉದಾಹರಣೆಯಾಗಿ ತಿಮಿಂಗಿಲ ಶಾರ್ಕ್ ತೆಗೆದುಕೊಂಡೆ. ಹೆಸರಿನಲ್ಲಿ ತಿಮಿಂಗಿಲ ಇದ್ದರೂ ಅದು ಕಿವಿರಿರುವ ಮೀನು, ಬಾಲವೂ ಲಂಬ. ‘ಅತ್ಯಂತ ದೊಡ್ಡ ಮೀನು’ ಎಂದು ಮಕ್ಕಳು ಬರೆದ ಬಿರುದು ನಿಜವಾಗಿ ಸಲ್ಲುವುದು ಅದಕ್ಕೆ.

ಎರಡನೆಯ ಅವಧಿ ‘ಶಬ್ದ’ ಘಟಕದ ಅನ್ವಯ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಸಮುದ್ರದ ನೀರಿನಲ್ಲಿ ಸುಮಾರು 1500 ಮೀಟರ್. ಡಾಲ್ಫಿನ್ ಹೊರಡಿಸಿದ ಚಿಟಿಕೆಯಂತಹ ಸದ್ದು ಒಂದು ಮೀನಿಗೆ ತಾಗಿ 0.1 ಸೆಕೆಂಡಿನಲ್ಲಿ ಮರಳಿದರೆ ಮೀನು ಎಷ್ಟು ದೂರದಲ್ಲಿದೆ? ಸದ್ದು ಕ್ರಮಿಸಿದ ಒಟ್ಟು ದೂರ 150 ಮೀಟರ್. ಹೋಗಿಬರುವ ದಾರಿಯಾದ್ದರಿಂದ ಅರ್ಧ, ಅಂದರೆ 75 ಮೀಟರ್. ಗಾಳಿಯಲ್ಲಾದರೆ ಇದೇ ಸಮಯಕ್ಕೆ 17 ಮೀಟರ್. ಪಠ್ಯದ ಸೋನಾರ್ ಲೆಕ್ಕವನ್ನು ಯಾಂತ್ರಿಕವಾಗಿ ಮಾಡುತ್ತಿದ್ದ ಮಕ್ಕಳು ಈಗ ತಾವೇ ಮುಂದಿನ ಪ್ರಶ್ನೆಗೆ ಬಂದರು: ದೋಣಿಯ ಎಂಜಿನ್ ಸದ್ದಿನ ನಡುವೆ ಡಾಲ್ಫಿನ್‌ಗೆ ತನ್ನ ಪ್ರತಿಧ್ವನಿ ಕೇಳುವುದು ಹೇಗೆ? ಕಂಡ ಕೂಡಲೇ ಎಂಜಿನ್ ನಿಲ್ಲಿಸಬೇಕು ಎಂಬ ನಿಯಮ ನಾನು ಹೇರಿದ್ದಲ್ಲ, ಈ ಲೆಕ್ಕದಿಂದ ಬಂದದ್ದು.

ಅದೇ ಅವಧಿಯ ಕೊನೆಗೆ ಒಂದು ವಿಷಯವನ್ನು ಸ್ಪಷ್ಟಪಡಿಸಿದೆ: ನಾವು ಹೋಗುವ ಜಾಗದಲ್ಲಿ ದೊಡ್ಡ ತಿಮಿಂಗಿಲ ಕಾಣುವ ಸಾಧ್ಯತೆ ತೀರಾ ಕಡಿಮೆ. ಕಾರಣವನ್ನು ನಕ್ಷೆಯ ಮೇಲೆ ತೋರಿಸಿದೆ. ಶ್ರೀಲಂಕಾದ ದಕ್ಷಿಣ ತುದಿಯ ಮಿರಿಸ್ಸಾದಿಂದ ಹೊರಟ ಪ್ರವಾಸಿಗರು ಅದೇ ಬೆಳಗ್ಗೆ ನೀಲಿ ತಿಮಿಂಗಿಲ ನೋಡಿ ಬರುತ್ತಾರೆ. ಅಲ್ಲಿ ಖಂಡಾವರಣ ಪ್ರದೇಶ ಕಿರಿದು, ಆಳದ ನೀರು ದಡಕ್ಕೆ ಹತ್ತಿರ. ಕಾರವಾರದ ಎದುರು ಆಳವಿಲ್ಲದ ಖಂಡಾವರಣ ಹಲವು ಹತ್ತು ಕಿಲೋಮೀಟರ್ ಚಾಚಿದೆ. ಆಳದ ನೀರಿನ ತಿಮಿಂಗಿಲಗಳು ಅದರಾಚೆ. ಆದರೆ ಕಾಳಿ ನದಿ ಸಮುದ್ರ ಸೇರುವ ಇಂತಹ ಆಳವಿಲ್ಲದ ಅಳಿವೆಗಳೇ ಗೂನುಬೆನ್ನಿನ ಡಾಲ್ಫಿನ್‌ಗೆ ಇಷ್ಟವಾದ ನೆಲೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಅದು ಅಳಿವಿನಂಚಿನ ಪ್ರಭೇದ. “ಹಾಗಾದರೆ ನಾವು ನೋಡುವುದು ಸಣ್ಣ ತಿಮಿಂಗಿಲ” ಎಂದು ಮಕ್ಕಳು ಒಪ್ಪಿಕೊಂಡರು.

ದೋಣಿಯಲ್ಲಿ

ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ, ಗಾಳಿ ಏಳುವ ಮೊದಲು ಮೂರು ದೋಣಿಗಳಲ್ಲಿ ಹೊರಟೆವು. ಪಾಲಕರ ಒಪ್ಪಿಗೆ ಪತ್ರ, ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್, ಪ್ರತಿ ದೋಣಿಯಲ್ಲಿ ಶಾಲೆಯ ಒಬ್ಬ ಶಿಕ್ಷಕರು ಇವು ಕಡ್ಡಾಯವಾಗಿದ್ದವು. ಏಳು ಮಕ್ಕಳ ಆರು ಗುಂಪುಗಳು, ದೋಣಿಗೆ ಎರಡು ಗುಂಪು. ಗುಂಪಿನಲ್ಲಿ ಒಬ್ಬರು ಸಮಯಪಾಲಕರು, ಒಬ್ಬರು ದಾಖಲೆಗಾರರು, ಒಬ್ಬರು ಚಿತ್ರ ಬರೆಯುವವರು, ಉಳಿದ ನಾಲ್ವರು ವೀಕ್ಷಕರು. ದಿಕ್ಕು ಹೇಳಲು ಗಡಿಯಾರದ ಕ್ರಮ ಬಳಸಿದೆವು: ದೋಣಿಯ ಮೂತಿ ಹನ್ನೆರಡು ಗಂಟೆ, ಬಲಬದಿ ಮೂರು, ಹಿಂಬದಿ ಆರು, ಎಡಬದಿ ಒಂಬತ್ತು.

ಐದು ನಿಮಿಷಕ್ಕೊಮ್ಮೆ ಒಂದು ಸಾಲು ಬರೆಯಬೇಕು. ಪ್ರಾಣಿ ಕಂಡರೆ ಸಮಯ, ದಿಕ್ಕು, ಅಂದಾಜು ದೂರ, ಸಂಖ್ಯೆ, ವರ್ತನೆ. ಕಾಣದಿದ್ದರೆ ‘ಇಲ್ಲ’ ಎಂದು ಬರೆದು ಅಲೆ, ಬಿಸಿಲು, ಹಕ್ಕಿಗಳ ವಿವರ. ತೊಂಬತ್ತು ನಿಮಿಷಕ್ಕೆ ಹದಿನೆಂಟು ಸಾಲು. ಮೊದಲ ಅರ್ಧ ಗಂಟೆ ಎಲ್ಲ ಗುಂಪುಗಳಲ್ಲೂ ‘ಇಲ್ಲ’. ನಾಲ್ಕನೆಯ ‘ಇಲ್ಲ’ ಬರೆಯುವಾಗ ಒಬ್ಬ ದಾಖಲೆಗಾರ್ತಿ, “ಇದನ್ನೂ ಬರೆಯಬೇಕಾ?” ಎಂದು ಕೇಳಿದಳು. ಬರೆಯಲೇಬೇಕು. ಎಷ್ಟು ಹೊತ್ತು ನೋಡಿದೆವು ಎಂಬುದು ದಾಖಲಾಗದಿದ್ದರೆ ‘ಒಮ್ಮೆ ಕಂಡೆವು’ ಎಂಬ ಮಾತಿಗೆ ಅರ್ಥವಿಲ್ಲ. ಐದು ನಿಮಿಷ ನೋಡಿ ಒಮ್ಮೆ ಕಂಡದ್ದಕ್ಕೂ ಐದು ಗಂಟೆ ನೋಡಿ ಒಮ್ಮೆ ಕಂಡದ್ದಕ್ಕೂ ಬಹಳ ವ್ಯತ್ಯಾಸವಿದೆ. ಇದನ್ನು ದೋಣಿಯಲ್ಲೇ ವಿವರಿಸಿದ್ದರಿಂದ ಕಾಯುವ ಹೊತ್ತು ಕೆಲಸದ ಹೊತ್ತಾಯಿತು.

ಈ ನಡುವೆ ಕೂರ್ಮಗಡ ದ್ವೀಪ ಹತ್ತಿರವಾಯಿತು. ಪುಷ್ಯ ಹುಣ್ಣಿಮೆಯ ಸುಮಾರಿಗೆ ಅಲ್ಲಿ ನಡೆಯುವ ನರಸಿಂಹ ದೇವರ ಜಾತ್ರೆಗೆ ಮೀನುಗಾರರು ದೋಣಿಗಳನ್ನು ಸಿಂಗರಿಸಿ ಜನರನ್ನು ಕರೆದೊಯ್ಯುತ್ತಾರೆ. ಜಾತ್ರೆಗೆ ಹೋಗಿದ್ದ ಮಕ್ಕಳು ಅದನ್ನು ವಿವರಿಸಿದರೆ, ಹೋಗದವರು ಅದನ್ನು ‘ಕೇಳಿದ್ದು’ ಅಂಕಣದಲ್ಲಿ ಬರೆದುಕೊಂಡರು.

ಮೊದಲು ಡಾಲ್ಫಿನ್ ಪತ್ತೆ ಹಚ್ಚಿದ್ದು ಖಾಲಿ ಹಾಳೆ ಕೊಟ್ಟಿದ್ದ ಆ ಹುಡುಗ. ಅವನು ನೀರನ್ನು ನೋಡುತ್ತಿರಲಿಲ್ಲ, ಹಕ್ಕಿಗಳನ್ನು ನೋಡುತ್ತಿದ್ದ. ಒಂದೇ ಕಡೆ ಮೇಲಿಂದ ಮೇಲೆ ಎರಗುತ್ತಿದ್ದ ಕಡಲಹಕ್ಕಿಗಳನ್ನು ತೋರಿಸಿ, “ಅಲ್ಲಿ ಮೀನಿನ ಹಿಂಡಿದೆ, ಸ್ವಲ್ಪ ತಡೆಯಿರಿ” ಎಂದ. ಎರಡು ಗಂಟೆಯ ದಿಕ್ಕಿನಲ್ಲಿ ಬೂದುಬಣ್ಣದ ಬೆನ್ನೊಂದು ಎದ್ದು, ಗೂನಿನ ಮೇಲಿನ ಪುಟ್ಟ ರೆಕ್ಕೆ ತೋರಿ ಮುಳುಗಿತು. ಹಿಂದೆಯೇ ಇನ್ನೆರಡು. ಉಸಿರು ಬಿಟ್ಟ ‘ಫುಸ್’ ಸದ್ದು ಎಂಜಿನ್ ನಿಂತಿದ್ದರಿಂದ ಸ್ಪಷ್ಟವಾಗಿ ಕೇಳಿಸಿತು. ಶ್ವಾಸಕೋಶದ ಪಾಠಕ್ಕೆ ಅದಕ್ಕಿಂತ ಉತ್ತಮ ಬೋಧನೋಪಕರಣ ನನ್ನ ಬಳಿ ಇರಲಿಲ್ಲ.

ಹತ್ತಿರ ಹೋಗೋಣವೆಂದು ಕೆಲವರು ಕೂಗಿದರು. ದೋಣಿ ನಡೆಸುವವರೂ ಸಿದ್ಧರಿದ್ದರು; ಪ್ರವಾಸಿಗರು ಸಾಮಾನ್ಯವಾಗಿ ಕೇಳುವುದು ಅದನ್ನೇ ಎಂದರು. ಸಮಯಪಾಲಕಿ, “ಲೆಕ್ಕ ಮರೆತಿರಾ?” ಎಂದು ಎಂಜಿನ್ ಸದ್ದಿನ ಚರ್ಚೆಯನ್ನು ನೆನಪಿಸಿದಳು. ಆಸ್ಟ್ರೇಲಿಯಾದ ಮಾರ್ಗಸೂಚಿಯಂತೆ ದೋಣಿಗಳು ಡಾಲ್ಫಿನ್‌ನಿಂದ 50 ಮೀಟರ್, ತಿಮಿಂಗಿಲದಿಂದ 100 ಮೀಟರ್ ದೂರ ಕಾಯ್ದುಕೊಳ್ಳಬೇಕೆಂದು ತರಗತಿಯಲ್ಲಿ ಓದಿದ್ದೆವು. ನಾವು ಅಲ್ಲೇ ನಿಂತೆವು. ಹದಿನೆಂಟು ಸಾಲುಗಳಲ್ಲಿ ಮೂರರಲ್ಲಿ ಡಾಲ್ಫಿನ್, ಹದಿನೈದರಲ್ಲಿ ‘ಇಲ್ಲ’. ದೊಡ್ಡ ತಿಮಿಂಗಿಲ ಒಂದೂ ಕಾಣಲಿಲ್ಲ.

ದಕ್ಕೆಯಲ್ಲಿ

ಮಧ್ಯಾಹ್ನದ ಭಾಗ ಬೈತಖೋಲ್ ಮೀನುಗಾರಿಕಾ ಬಂದರಿನಲ್ಲಿ. ಸ್ಥಳೀಯ ಸಂಸ್ಕೃತಿಯ ಪರಿಚಯವೆಂದರೆ ದೇವಸ್ಥಾನ, ಕಡಲತೀರ, ಊಟ ಎಂದು ಮುಗಿಸುವ ರೂಢಿಯಿದೆ. ನಾವು ಬಂದರನ್ನು ಎರಡನೆಯ ವೀಕ್ಷಣಾ ತಾಣವೆಂದೇ ಪರಿಗಣಿಸಿದೆವು. ಪ್ರತಿ ಗುಂಪಿಗೂ ಒಬ್ಬ ಹಿರಿಯ ಮೀನುಗಾರ ಅಥವಾ ಮೀನು ಮಾರುವ ಮಹಿಳೆಯೊಂದಿಗೆ ಇಪ್ಪತ್ತು ನಿಮಿಷ. ಪ್ರಶ್ನೆಗಳನ್ನು ಮೊದಲೇ ತಯಾರಿಸಿದ್ದೆವು. ಕೊಂಕಣಿಯಲ್ಲಿ ಕೇಳಿ ಕನ್ನಡಕ್ಕೆ ತಿಳಿಸುವ ಹೊಣೆ ಮೀನುಗಾರರ ಮಕ್ಕಳದ್ದು. ತರಗತಿಯಲ್ಲಿ ಬಾಯಿಬಿಡದ ಮೂವರು ಅಂದು ಇಡೀ ಹೊತ್ತು ಮಾತಾಡಿದರು.

ದೊಡ್ಡ ತಿಮಿಂಗಿಲವನ್ನು ನೋಡಿದ್ದಾಗಿ ಹೇಳಿದವರೆಲ್ಲ ಹಲವು ದಿನ ಆಳಸಮುದ್ರದಲ್ಲಿ ಉಳಿಯುವ ದೋಣಿಗಳಲ್ಲಿ ದುಡಿದವರು. ದಡದ ಬಳಿ ಬಲೆ ಬೀಸುವವರು ಹೇಳಿದ್ದು ಡಾಲ್ಫಿನ್ ಬಗ್ಗೆ. ಖಂಡಾವರಣದ ನಕ್ಷೆಗೆ ಇದು ಹೊಂದುತ್ತದೆ ಎಂದು ಗುರುತಿಸಿದ್ದು ಮಕ್ಕಳೇ. ‘ಕೇಳಿದ್ದು’ ಅಂಕಣ ‘ಓದಿದ್ದು’ ಅಂಕಣಕ್ಕೆ ಸಾಕ್ಷಿಯಾಗಿ ನಿಂತ ಮೊದಲ ಸಂದರ್ಭವಿದು.

ಹಿರಿಯರೊಬ್ಬರು ರಂಪಣಿಯ ಕಾಲವನ್ನು ನೆನಪಿಸಿಕೊಂಡರು. ದೋಣಿಯಲ್ಲಿ ಬಲೆಯನ್ನು ಕಡಲಿಗೆ ಅರ್ಧಚಂದ್ರದಂತೆ ಹರಡಿ, ಎರಡೂ ತುದಿಗಳನ್ನು ದಡದಿಂದ ಜನ ಸಾಲುಗಟ್ಟಿ ಎಳೆಯುತ್ತಿದ್ದ ಮೀನುಗಾರಿಕೆ ಅದು. ಬಂದ ಮೀನಿನಲ್ಲಿ ಬಲೆಗೂ ಎಳೆದವರಿಗೂ ಪಾಲು. 1970ರ ದಶಕದಲ್ಲಿ ಯಾಂತ್ರಿಕ ಪರ್ಸೀನ್ ದೋಣಿಗಳು ಬಂದು, ಮೀನಿನ ಹಿಂಡನ್ನು ದಡ ಸೇರುವ ಮೊದಲೇ ಸುತ್ತುವರಿಯತೊಡಗಿದ ಮೇಲೆ ರಂಪಣಿ ಕ್ಷೀಣಿಸಿತು. ಅದರ ಕಿರಿಯ ರೂಪವಾದ ಯೆಂಡಿ ಬಲೆಯನ್ನು ಈಗಲೂ ಎಳೆಯುತ್ತಾರೆ.

ಮಹಿಳೆಯರ ಗುಂಪಿನಿಂದ ಮಳೆಗಾಲದ ಮಾಹಿತಿ ಸಿಕ್ಕಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಒಟ್ಟು 61 ದಿನ ಎಂದು ಮಕ್ಕಳು ಬೆರಳೆಣಿಸಿದರು. ಆ ದಿನಗಳಿಗಾಗಿ ಬೇಸಿಗೆಯಲ್ಲೇ ಮೀನು ಒಣಗಿಸಿಡಬೇಕು. ಶ್ರಾವಣದ ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸುವ ಪದ್ಧತಿಯೂ ಇದೆ. ಆ ಹುಣ್ಣಿಮೆ ಸಾಮಾನ್ಯವಾಗಿ ಬರುವುದು ಆಗಸ್ಟ್‌ನಲ್ಲಿ. ಹಲವು ಮೀನುಗಳು ಮರಿ ಮಾಡುವ, ಕಡಲು ಅಬ್ಬರಿಸುವ ತಿಂಗಳುಗಳು ಕಳೆದ ಮೇಲೆ ಮೀನುಗಾರಿಕೆ ಮತ್ತೆ ಆರಂಭವಾಗುವ ಕಾಲವನ್ನು ಆಚರಣೆಯೂ ಕಾನೂನೂ ಬೇರೆಬೇರೆ ದಾರಿಯಿಂದ ಗುರುತಿಸಿವೆ. ಇದನ್ನು ಪತ್ತೆಹಚ್ಚಿದ್ದು ಕ್ಯಾಲೆಂಡರ್ ಬಿಡಿಸಿ ಕುಳಿತ ನಾಲ್ಕನೆಯ ಗುಂಪು.

ತರಗತಿಯಲ್ಲಿ: ಬಲೆಯ ಪ್ರಶ್ನೆ

ಮರುದಿನ ಮೂರೂ ಅಂಕಣಗಳನ್ನು ಕಪ್ಪುಹಲಗೆಯ ಮೇಲೆ ಒಟ್ಟುಗೂಡಿಸಿದೆವು. ‘ಓದಿದ್ದು’ ಅಡಿಯಲ್ಲಿ ಒಬ್ಬ ವಿದ್ಯಾರ್ಥಿ ಬರೆದ: “1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ತಿಮಿಂಗಿಲ, ಡಾಲ್ಫಿನ್‌ಗಳಿವೆ. ಅವನ್ನು ಕೊಲ್ಲುವುದು ಅಪರಾಧ.” ‘ವಾಂತಿ’ ಎಂದು ಕರೆಯುವ ಅಂಬರ್‌ಗ್ರಿಸ್ ವೀರ್ಯ ತಿಮಿಂಗಿಲದ ಕರುಳಿನಲ್ಲಿ ರೂಪುಗೊಳ್ಳುವ ವಸ್ತು, ಅದರ ಮಾರಾಟವೂ ನಮ್ಮಲ್ಲಿ ನಿಷಿದ್ಧ ಎಂಬುದೂ ಚರ್ಚೆಗೆ ಬಂತು.

ಆಗ ಮೀನುಗಾರರ ಮನೆಯ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಡಾಲ್ಫಿನ್ ಬಲೆಯಲ್ಲಿನ ಮೀನು ತಿನ್ನಲು ಬಂದು ಬಲೆ ಹರಿಯುತ್ತದೆ. ಅಪ್ಪ ಎರಡು ದಿನ ದಡದಲ್ಲಿ ಕೂತು ಬಲೆ ಹೊಲಿಯಬೇಕು. ಡಾಲ್ಫಿನ್‌ಗೆ ಕಾನೂನಿದೆ. ಬಲೆಗೆ ಏನಿದೆ?”

ತರಗತಿ ಎರಡಾಯಿತು. ‘ಪ್ರಾಣಿಗೆ ತಿಳಿಯುವುದಿಲ್ಲ, ಮನುಷ್ಯರೇ ಹೊಂದಿಕೊಳ್ಳಬೇಕು’ ಎಂದವರು ಕಡಲಿನಿಂದ ದೂರದ ಮನೆಗಳವರು. ‘ನಿಮ್ಮ ಅಪ್ಪನ ಸಂಬಳ ಎರಡು ದಿನ ಕಡಿದರೆ?’ ಎಂಬ ಮರುಪ್ರಶ್ನೆ ಕೂಡಲೇ ಬಂತು. ಈ ಹಂತದಲ್ಲಿ ‘ಎರಡೂ ಮುಖ್ಯ’ ಎಂದು ಶಿಕ್ಷಕರು ತೇಲಿಸಿಬಿಡುವುದು ಸುಲಭ. ನಾನು ಚರ್ಚೆಯನ್ನು ವಿಜ್ಞಾನಕ್ಕೆ ತಿರುಗಿಸಿದೆ: ಬಲೆಯಲ್ಲಿ ಸಿಕ್ಕ ಮೀನು ನೀರಿನೊಳಗೆ ಉಸಿರಾಡಬಲ್ಲದು, ಸಿಕ್ಕ ಡಾಲ್ಫಿನ್‌ಗೆ ಏನಾಗುತ್ತದೆ? ಸ್ವಲ್ಪ ಮೌನದ ನಂತರ ಉತ್ತರ ಬಂತು: ಅದು ಮೇಲೆ ಬರಲಾಗದೆ ಉಸಿರುಗಟ್ಟಿ ಸಾಯುತ್ತದೆ. ಶ್ವಾಸಕೋಶವೆಂಬ ಲಕ್ಷಣ ಪಟ್ಟಿಯಿಂದ ಎದ್ದು ಸಾವು ಬದುಕಿನ ವಿಷಯವಾಯಿತು. ಡಾಲ್ಫಿನ್‌ಗಳಿಗೆ ದೊಡ್ಡ ಅಪಾಯ ಬೇಟೆಗಾರರಲ್ಲ, ಯಾರೂ ಬೇಕೆಂದು ಬೀಸದ ಈ ಆಕಸ್ಮಿಕ ಸಿಕ್ಕಿಬೀಳುವಿಕೆ ಎಂದು ವಿವರಿಸಿದೆ.

ಹುಡುಗಿಯ ಪ್ರಶ್ನೆ ಇನ್ನೂ ಉಳಿದಿತ್ತು. ಮುಂದಿನ ಅವಧಿಗೆ ಎರಡು ಉದಾಹರಣೆ ತಂದೆ. ಗುಜರಾತಿನ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕ್‌ನ ಬೇಟೆ ನಡೆಯುತ್ತಿತ್ತು. 2001ರಲ್ಲಿ ಅದಕ್ಕೆ ಕಾಯ್ದೆಯ ರಕ್ಷಣೆ ದೊರೆತರೂ, ಜನರ ಮನಸ್ಸು ತಿರುಗಲು 2004ರಲ್ಲಿ ಆರಂಭವಾದ ಅಭಿಯಾನ ಬೇಕಾಯಿತು. ಆ ಮೀನನ್ನು ತವರಿಗೆ ಹೆರಿಗೆಗೆ ಬರುವ ಮಗಳಿಗೆ ಹೋಲಿಸಿ ‘ವ್ಹಾಲಿ’, ಅಂದರೆ ಪ್ರೀತಿಯವಳು, ಎಂದು ಕರೆದರು. ಜೊತೆಗೆ ಬಲೆ ಕತ್ತರಿಸಿ ಅದನ್ನು ಬಿಡಿಸಿದವರಿಗೆ ಬಲೆಯ ಪರಿಹಾರವೂ ಸಿಗತೊಡಗಿತು. ಮಹಾರಾಷ್ಟ್ರದಲ್ಲೂ ಸಂರಕ್ಷಿತ ಕಡಲಜೀವಿಯನ್ನು ಬಲೆ ಕತ್ತರಿಸಿ ಬಿಡುಗಡೆ ಮಾಡುವ ಮೀನುಗಾರರಿಗೆ ಸರ್ಕಾರದ ಪರಿಹಾರ ಯೋಜನೆ ಇದೆ.

“ಅಲ್ಲಿ ಅವರು ಬಲೆ ಕತ್ತರಿಸಿದ್ದು. ಇಲ್ಲಿ ಅದು ಹರಿದು ಹೋಗುವುದು” ಎಂದು ಹುಡುಗಿ ವ್ಯತ್ಯಾಸ ತೋರಿಸಿದಳು. ಮಾತು ಸರಿಯಾಗಿತ್ತು. ಅವಳ ಪ್ರಶ್ನೆಯನ್ನು ತರಗತಿಯ ಗೋಡೆಪತ್ರಿಕೆಯಲ್ಲಿ ‘ಮೀನುಗಾರಿಕಾ ಇಲಾಖೆಯ ಅಧಿಕಾರಿಗಳನ್ನು ಕೇಳಬೇಕಾದದ್ದು’ ಎಂಬ ಶೀರ್ಷಿಕೆಯಡಿ ಬರೆದು ಹಾಕಿದೆವು. ಅದು ಇನ್ನೂ ಅಲ್ಲಿದೆ.

ಮೌಲ್ಯಮಾಪನ

ಲಿಖಿತ ಪರೀಕ್ಷೆಯಲ್ಲಿ ಲಕ್ಷಣಗಳ ಹೋಲಿಕೆ ಮತ್ತು ಪ್ರತಿಧ್ವನಿ ಲೆಕ್ಕದ ಜೊತೆಗೆ ಈ ಪ್ರಶ್ನೆ ಕೊಟ್ಟೆ: “ನಮ್ಮ ದೋಣಿಯಿಂದ ದೊಡ್ಡ ತಿಮಿಂಗಿಲ ಕಾಣಲಿಲ್ಲ. ಆದ್ದರಿಂದ ಕಾರವಾರದ ಎದುರಿನ ಸಮುದ್ರದಲ್ಲಿ ತಿಮಿಂಗಿಲಗಳಿಲ್ಲ. ಈ ತೀರ್ಮಾನ ಸರಿಯೇ? ಮೂರೂ ಅಂಕಣಗಳಿಂದ ಆಧಾರ ಕೊಡಿ.”

ಉತ್ತಮ ಉತ್ತರಗಳು ತೊಂಬತ್ತು ನಿಮಿಷದ ಮಿತಿಯನ್ನೂ, ದಡದ ಬಳಿಯ ಆಳವನ್ನೂ, ಆಳಸಮುದ್ರದ ದೋಣಿಯವರ ಮಾತನ್ನೂ ಉಲ್ಲೇಖಿಸಿದ್ದವು. ಉತ್ತರ ಪತ್ರಿಕೆ ಹಿಂತಿರುಗಿಸಿದ ದಿನ ಲುಬಾನ್ ಕಥೆ ಹೇಳಿದೆ. ಅರಬ್ಬಿ ಸಮುದ್ರದ ಗೂನುಬೆನ್ನಿನ ತಿಮಿಂಗಿಲಗಳು ಇತರ ಕಡಲಿನ ತಮ್ಮ ಬಂಧುಗಳಂತೆ ಧ್ರುವದತ್ತ ದೀರ್ಘ ವಲಸೆ ಹೋಗದೆ ವರ್ಷವಿಡೀ ಇಲ್ಲೇ ಉಳಿಯುವ ಅಪರೂಪದ ಸಣ್ಣ ಬಳಗ. 2017ರಲ್ಲಿ ಒಮಾನ್ ಕರಾವಳಿಯಲ್ಲಿ ಲುಬಾನ್ ಎಂಬ ಹೆಣ್ಣು ತಿಮಿಂಗಿಲಕ್ಕೆ ಉಪಗ್ರಹ ಸಂಪರ್ಕದ ಸಾಧನ ಅಳವಡಿಸಿದ್ದರು. ಅದು ಸಮುದ್ರ ದಾಟಿ ಗೋವಾದ ಬಳಿಗೆ ಬಂದು, ದಕ್ಷಿಣಕ್ಕೆ ಕೇರಳದ ಕಡೆ ಸಾಗಿತು. ನಕ್ಷೆಯಲ್ಲಿ ಗೋವಾದಿಂದ ಕೇರಳಕ್ಕೆ ಬೆರಳೆಳೆದ ಮಕ್ಕಳು ನಡುವೆ ಕಾರವಾರದ ಮೇಲೆ ನಿಂತರು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

1. ಪ್ರಾಣಿ ಕಾಣುವ ಭರವಸೆಯನ್ನು ಮಕ್ಕಳಿಗೆ ಕೊಡಬೇಡಿ. ಕಾಣದಿರಲು ಇರುವ ಕಾರಣವನ್ನೇ ಪಾಠವಾಗಿಸಿ.
2. ‘ಇಲ್ಲ’ ಎಂಬ ಸಾಲಿಗೂ ಅಂಕ ಇರಲಿ. ಹಾಗಿದ್ದರೆ ಮಾತ್ರ ಮಕ್ಕಳು ಪ್ರಾಮಾಣಿಕವಾಗಿ ಬರೆಯುತ್ತಾರೆ.
3. ‘ಕೇಳಿದ್ದು’ ಅಂಕಣದಲ್ಲಿ ಹೇಳಿದವರು ಯಾವ ಕೆಲಸದವರು, ತಾವೇ ನೋಡಿದರೋ ಬೇರೆಯವರಿಂದ ಕೇಳಿದರೋ ಎಂಬುದನ್ನೂ ಬರೆಸಿ.
4. ಸಂದರ್ಶನದಲ್ಲಿ ಮನೆಮಾತಿಗೆ ಅವಕಾಶ ಕೊಡಿ.
5. ದೋಣಿ ನಡೆಸುವವರಿಗೆ ದೂರದ ನಿಯಮವನ್ನು ಹಿಂದಿನ ದಿನವೇ ತಿಳಿಸಿ, ಕಾರಣವನ್ನು ಮಕ್ಕಳಿಂದಲೇ ಹೇಳಿಸಿ.
6. ಪ್ರವಾಸದ ನಂತರ ಕನಿಷ್ಠ ಎರಡು ಅವಧಿ ಮೀಸಲಿಡಿ. ನಮ್ಮಲ್ಲಿ ಅತ್ಯಂತ ಗಟ್ಟಿಯಾದ ಪ್ರಶ್ನೆ ಬಂದದ್ದು ದೋಣಿಯಲ್ಲಲ್ಲ, ಮರುದಿನದ ತರಗತಿಯಲ್ಲಿ.

ಕರಾವಳಿಯಿಂದ ದೂರದ ಶಾಲೆಗಳಲ್ಲೂ ಈ ಮೂರು ಅಂಕಣಗಳ ಕ್ರಮವನ್ನು ಕೆರೆಯ ಹಕ್ಕಿ, ಹೊಲದ ಕೀಟ, ಊರಿನ ಬಾವಲಿಗಳ ವೀಕ್ಷಣೆಗೆ ಅಳವಡಿಸಬಹುದು. ಪ್ರತಿ ತರಗತಿಯಲ್ಲೂ ಖಾಲಿ ಹಾಳೆ ಕೊಡುವ ಕೆಲವು ಮಕ್ಕಳಿರುತ್ತಾರೆ. ಅವರ ಮನೆಯ ಅರಿವು ಯಾವ ಅಂಕಣಕ್ಕೆ ಸೇರುತ್ತದೆ ಎಂದು ಯೋಜನೆ ಬರೆಯುವಾಗಲೇ ಯೋಚಿಸುವುದು ಒಳ್ಳೆಯದು.